ಗೊರಿಲ್ಲಾನ ಮುಂದೆ ಸೆರಗು ಹೊದ್ದ ಅಕ್ಕ

ನಮ್ಮ ಅಕ್ಕನಿಗೆ ಮಂಗ ಎಂದರೆ ಆಗದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಕಮಲಾಪುರದಲ್ಲಿ ಭಾವನವರ ಜೊತೆ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದಾಳೆ. ಗೊನೆ ಬಲಿಯುವ ಹೊತ್ತಿಗೆ ಸರಿಯಾಗಿ ಮಂಗಗಳ ದಂಡು ಬರುತ್ತದೆ. ಹೊಟ್ಟೆಗೆ ತಿಂದು ಹೋದರೆ ಅಕ್ಕ ಸುಮ್ಮನಿರುತ್ತಿದ್ದಳೋ ಏನೋ, ಆದರೆ ಅವು ಒಂದು ಹಣ್ಣು ಕಚ್ಚಿ ಎಸೆದು ಇನ್ನೊಂದಕ್ಕೆ ಕೈ ಹಾಕುವುದನ್ನು ಕಂಡರೆ ಅವಳ ಪಿತ್ತ ನೆತ್ತಿಗೇರುತ್ತದೆ. ಖಾಲಿ ಎಣ್ಣೆ ಡಬ್ಬಿ ಬಡಿಯುತ್ತ ತೋಟದ ತುಂಬ ಓಡಾಡುತ್ತಾಳೆ. ಅಂಥ ಅಕ್ಕ ಒಂದು ಮಧ್ಯಾಹ್ನ ಕುಸನೂರಿನ ನಮ್ಮ ಮನೆಗೆ ಬಂದವಳು, ಕೈಯಲ್ಲಿ ಹಿಡಿದ ಚಹಾ ಆರಿಹೋದರೂ ಕುಡಿಯದೆ ಟಿವಿ ಮುಂದೆ ಕೂತುಬಿಟ್ಟಳು.

ಟಿವಿಯಲ್ಲಿ ಆಫ್ರಿಕಾದ ಒಂದು ಬೆಟ್ಟದ ಊರು. ಕಾಡಿನಂಚಿನ ಬಾಳೆತೋಟಕ್ಕೆ ಗೊರಿಲ್ಲಾಗಳ ಕುಟುಂಬವೊಂದು ಇಳಿದು ಬಂದಿತ್ತು. ಬಾಗಿಲಿನಷ್ಟು ಅಗಲವಾದ ಬೆನ್ನಿನ ಗಂಡು ಗೊರಿಲ್ಲಾ ಬಾಳೆಗಿಡವನ್ನು ಅಪ್ಪಿ ಕೆಡವಿ, ಪಟ್ಟೆ ಸುಲಿದು, ಒಳಗಿನ ಬಿಳಿ ದಿಂಡನ್ನು ಕಡಿದು ತಿನ್ನುತ್ತಿತ್ತು. ಪಕ್ಕದಲ್ಲೇ ಬಿದ್ದಿದ್ದ ಗೊನೆಯ ಕಡೆ ಅದು ಕಣ್ಣೆತ್ತಿಯೂ ನೋಡಲಿಲ್ಲ.

"ಹಣ್ಣು ಮುಟ್ಟವಲ್ದು ನೋಡು ತಂಗಿ," ಎಂದಳು ಅಕ್ಕ. "ಗೊನಿ ಬಿಟ್ಟು ದಿಂಡು ತಿನ್ನಾಕತ್ತದ."

"ಅದಕ್ಕ ದಿಂಡೇ ರುಚಿ ಅಂತ ಅಕ್ಕ."

"ಎಷ್ಟು ಸಮಾಧಾನ ಅದ ನೋಡು ಅದರ ಮಾರಿ ಮ್ಯಾಲ. ನಾ ಇದನ್ನ ಕಣ್ತುಂಬ ನೋಡಬೇಕು. ಈ ಡಬ್ಬ್ಯಾಗಲ್ಲ, ಖರೇ ಖರೇ."

ನಾನು ಆಗಷ್ಟೇ ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ, ಮನೆಯಲ್ಲಿ ಕೂತು ಗಂಡನ ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡಿದ್ದೆ. ಎಲ್ಲಿಗಾದರೂ ಹೋಗಬೇಕೆಂದು ಕಾಲು ತುರಿಸುತ್ತಿದ್ದವು. ಆದರೂ ಬೇರೆ ಯಾರಾದರೂ ಈ ಮಾತು ಆಡಿದ್ದರೆ ನಕ್ಕು ಚಹಾ ಬಿಸಿ ಮಾಡಿ ತಂದುಕೊಡುತ್ತಿದ್ದೆ. ಅಕ್ಕನ ಬಾಯಲ್ಲಿ 'ಕಣ್ತುಂಬ' ಎಂಬ ಮಾತು ಬಂದಾಗ ನನಗೆ ನಗಲಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಮಾವನವರು.

ಮಾವನವರು ಒಳ್ಳೆಯವರೇ. ಸೊಸೆಯರಿಗೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ. ಆದರೆ ಕಮಲಾಪುರದ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅವರು ಹೊರಗಿನಿಂದ ಬಂದು ಹೊಸ್ತಿಲ ಬಳಿ ನಿಂತು "ಹ್ಞೂಂ..." ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನಾನು ಬರುತ್ತಿದ್ದೇನೆ ಎಂದು ಅದರ ಅರ್ಥ. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಅಕ್ಕ ಎಲ್ಲಿದ್ದರೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕಣ್ಣು ಕೆಳಗಿಳಿಸಿ, ಗೋಡೆಗೆ ಸರಿಯುತ್ತಿದ್ದಳು. ನೀರು ಕೊಡುವಾಗ, ಊಟ ಬಡಿಸುವಾಗ ಅವಳ ಕಣ್ಣು ಅವರ ಕೈ ಮತ್ತು ತಟ್ಟೆಯಿಂದ ಮೇಲೆ ಏರುತ್ತಿರಲಿಲ್ಲ. ನಾನು ಎಷ್ಟೋ ವರ್ಷದ ಮೇಲೆ ಆ ಮನೆಗೆ ಬಂದ ನೌಕರಿಯ ಸೊಸೆ. ತಲೆಯ ಮೇಲೆ ಸೆರಗು ನಿಲ್ಲಿಸುವುದು ನನಗೆ ಬರಲೂ ಇಲ್ಲ, ನಾನು ಕಲಿಯಲೂ ಇಲ್ಲ. ಮಾವನವರ ಎದುರಿಗೇ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತ ಅವರೊಡನೆ ವಾದಕ್ಕಿಳಿಯುತ್ತಿದ್ದೆ. ಅವರೂ ಬೇಸರ ಮಾಡಿಕೊಳ್ಳದೆ ವಾದ ಮಾಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದರು. ಅಕ್ಕ ಅದರ ಮುಂದೆ ನಿಂತು, "ಹಿಂಗಿದ್ರೇನು ಮಾವನೋರು, ಮೂಗು ಇಷ್ಟು ಉದ್ದ ಇತ್ತಂತ ನನಗ ಗೊತ್ತೇ ಇರಲಿಲ್ಲ," ಎಂದಳು. ಅಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಆಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಹಿಟ್ಟು ನಾದುತ್ತ ಮೆಲ್ಲಗೆ ಹೇಳಿದಳು: "ಇಷ್ಟು ವರ್ಷ ಒಂದೇ ಮನ್ಯಾಗ ಇದ್ದು ಒಬ್ಬ ಮನಶ್ಯಾನ ಮಾರಿ ಸಹಿತ ನೋಡಲಿಲ್ಲ ನಾ. ಮುಂದ ಏನರ ನೋಡಿದ್ರ ಕಣ್ತುಂಬ ನೋಡಬೇಕು ತಂಗಿ."

ಹಾಗಾಗಿ ಅವತ್ತು ಟಿವಿ ಆರಿಸಿದ ಮೇಲೆ ನಾನು, "ಹೋಗೋಣ ನಡಿ," ಎಂದೆ.

ಭಾವನವರು ಮೊದಲು ನಂಬಲೇ ಇಲ್ಲ. "ದಿನಾ ನಮ್ಮ ತೋಟಕ್ಕ ಬರ್ತಾವಲ್ಲ, ಅವನ್ನ ನೋಡಿದ್ರ ಸಾಲಂಗಿಲ್ಲೇನು?" ಎಂದರು.

"ಅವು ಕಳ್ಳರು. ಇವು ಮನಿ ಮಂದಿ ಕಟ್ಕೊಂಡು ಮರ್ಯಾದಿಲೆ ಬಾಳೋವು," ಎಂದಳು ಅಕ್ಕ. ನಾವು ಬರುವವರೆಗೆ ನನ್ನ ಗಂಡ ಕಮಲಾಪುರಕ್ಕೆ ಹೋಗಿ ಅಣ್ಣನ ಜೊತೆ ಇರುವುದೆಂದು ಆಯಿತು. ಅಣ್ಣತಮ್ಮಂದಿರಿಬ್ಬರಿಗೂ ಒಲೆ ಹಚ್ಚಲು ಬಾರದು ಎಂಬ ವಿಷಯವನ್ನು ನಾವು ಬೇಕೆಂದೇ ಎತ್ತಲಿಲ್ಲ.

ಹೈದರಾಬಾದಿಗೆ ಹೋಗಿ, ಆಫ್ರಿಕಾಕ್ಕೆ ಹೋಗುವವರಿಗೆ ಕಡ್ಡಾಯವಾದ ಹಳದಿ ಜ್ವರದ ಸೂಜಿ ಮಾಡಿಸಿಕೊಂಡು ಬಂದೆವು. ಅಕ್ಕನ ಸೂಟ್‌ಕೇಸನ್ನು ನಾನು ತೆಗೆದು ನೋಡಿದೆ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಒಂದು ಡಬ್ಬಿ ರಂಜಕ. ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಮೆಣಸಿನಕಾಯಿಯ ಆ ಚಟ್ನಿ ಇಲ್ಲದೆ ಅಕ್ಕನಿಗೆ ತುತ್ತು ಇಳಿಯುವುದಿಲ್ಲ. ಕೆಳಗೆ ಸೀರೆಗಳ ನಡುವೆ ತೋಟದ ಒಂದು ಚಿಪ್ಪು ಕೆಂಪು ಬಾಳೆಹಣ್ಣು. "ಯಾರ ಮನಿಗಿ ಹೋದ್ರೂ ಬರಿಗೈಲೆ ಹೋಗಬಾರದು," ಎಂಬುದು ಅವಳ ವಾದ. ಕಾಡಿನ ಪ್ರಾಣಿಗೆ ನಾವು ಏನೂ ಕೊಡುವಂತಿಲ್ಲ ಎಂದು ತಿಳಿಸಿ ಹೇಳಿ ಹಣ್ಣು ತೆಗೆಸಿದೆ. ರಂಜಕ ತೆಗೆಸಲಿಲ್ಲ. ಅದು ಮುಂದೆ ನಮ್ಮ ಜೀವ ತಿನ್ನುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಮುಂಬಯಿಯವರೆಗೆ ರೈಲು, ಅಲ್ಲಿಂದ ಉಗಾಂಡಾಕ್ಕೆ ವಿಮಾನ. ಇಳಿದ ಮರುದಿನ ಇಡೀ ದಿನ ಕಾರಿನಲ್ಲಿ ಪಯಣ. ಊರು ದಾಟಿ ಬೆಟ್ಟ ಶುರುವಾದ ಮೇಲೆ ಅಕ್ಕ ಕಿಟಕಿಯಿಂದ ಮುಖ ಒಳಗೆ ತೆಗೆಯಲೇ ಇಲ್ಲ. ಎತ್ತ ನೋಡಿದರೂ ಬಾಳೆ. ಮನೆಯ ಹಿತ್ತಲಲ್ಲಿ ಬಾಳೆ, ಇಳಿಜಾರಿನಲ್ಲಿ ಬಾಳೆ, ಸೈಕಲ್ಲಿನ ಎರಡೂ ಕಡೆ ಜೋಲುವ ಹಸಿರು ಗೊನೆ.

"ಇಲ್ಲೂ ಒಂದು ಕಮಲಾಪುರ ಅದಲ್ಲ ತಂಗಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಒಂದಲ್ಲ, ಸಾಲುಸಾಲೇ ಅವ," ಎಂದು ತಿದ್ದಿಕೊಂಡಳು. ದಾರಿಯ ಊಟದಲ್ಲಿ ಬಾಳೆಕಾಯಿ ಬೇಯಿಸಿ ಹಿಸುಕಿದ ಮುದ್ದೆ ಬಡಿಸಿದರು. ಅಕ್ಕ ಮೊದಲು ಬೆರಳಿನಿಂದ ಒತ್ತಿ ನೋಡಿದಳು, ರುಚಿ ನೋಡಿದಳು, ಆಮೇಲೆ ಡಬ್ಬಿ ತೆಗೆದು ರಂಜಕ ಹಚ್ಚಿಕೊಂಡು ಎರಡು ಸಲ ಹಾಕಿಸಿಕೊಂಡಳು.

ಮರುದಿನ ಬೆಳಗ್ಗೆ ಕಾಡಿನ ಬಾಗಿಲಿಗೆ ಹೋದೆವು. ಬೆಟ್ಟದ ಮೇಲಿನ ಮಳೆಕಾಡು, ಮರಗಳ ತಲೆಗೆ ಮಂಜು ಸುತ್ತಿಕೊಂಡಿತ್ತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮ ಗುಂಪಿನ ಉಳಿದವರೆಲ್ಲ ಬೇರೆ ಬೇರೆ ದೇಶದವರು, ದುಬಾರಿ ಜಾಕೆಟು, ದುಬಾರಿ ಬೂಟು. ಅಕ್ಕ ಮಾತ್ರ ತೋಟಕ್ಕೆ ಹೊರಟಂತೆ ತಯಾರಾಗಿದ್ದಳು. ಸೀರೆ ಮೇಲೆತ್ತಿ ಕಟ್ಟಿ, ಒಳಗೆ ನನ್ನ ಟ್ರ್ಯಾಕ್ ಪ್ಯಾಂಟು, ಸೀರೆಯ ಮೇಲೆ ಭಾವನವರ ಹಳೆಯ ತುಂಬುತೋಳಿನ ಅಂಗಿ, ಕಾಲಿಗೆ ಬಾಡಿಗೆಗೆ ಪಡೆದ ರಬ್ಬರ್ ಬೂಟು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರೆಲ್ಲ ಗಂಡನ ಅಂಗಿ ಹಾಕಿಕೊಂಡೇ ಹೋಗುವುದು. ಗುಂಪಿನ ಒಬ್ಬಾಕೆ ಅವಳ ಜೊತೆ ಫೋಟೋ ತೆಗೆಸಿಕೊಂಡಳು.

ನಮ್ಮನ್ನು ಕರೆದೊಯ್ಯುವ ಮಾರ್ಗದರ್ಶಿ ಒಬ್ಬ ಎತ್ತರದ ಯುವತಿ. ಸಾಲಾಗಿ ಕೂರಿಸಿ ನಿಯಮ ಹೇಳಿದಳು. ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಮುಖಕ್ಕೆ ಮಾಸ್ಕ್ ಕಟ್ಟಬೇಕು. ದೂರ ಇರಬೇಕು. ಗೊರಿಲ್ಲಾಗಳ ಹತ್ತಿರ ಒಂದು ತಾಸು ಮಾತ್ರ ಇರಬಹುದು. ಎಲ್ಲಕ್ಕಿಂತ ಮುಖ್ಯ, ಯಾರಿಗೂ ನೆಗಡಿ ಇರಬಾರದು. ಅವು ನಮಗೆ ಎಷ್ಟು ಹತ್ತಿರದ ಬಳಗವೆಂದರೆ ನಮ್ಮ ನೆಗಡಿ ಅವಕ್ಕೂ ಅಂಟುತ್ತದೆ, ಅಂಟಿದರೆ ಇಡೀ ಕುಟುಂಬ ಸಾಯಬಹುದು. ಜಗತ್ತಿನಲ್ಲಿ ಉಳಿದಿರುವುದೇ ಸ್ವಲ್ಪ. ನೆಗಡಿ ಇದ್ದವರು ಎಷ್ಟು ದೂರದಿಂದ ಬಂದಿದ್ದರೂ ಇಲ್ಲೇ ಉಳಿಯಬೇಕು, ಮಾತಿಲ್ಲ.

ಇಷ್ಟು ಹೇಳಿ ತಿರುಗಿ ನೋಡಿದರೆ ಅಕ್ಕನ ಮೂಗಿನಿಂದ ನೀರು ಸುರಿಯುತ್ತಿದೆ. ಕಣ್ಣು ಕೆಂಪಾಗಿವೆ. ಭಾವನವರ ಅಂಗಿಯ ತೋಳಿನಿಂದ ಮೂಗು ಒರೆಸುತ್ತಿದ್ದಾಳೆ.

"ಏನಾತು ಅಕ್ಕ?"

"ಏನಿಲ್ಲ. ಗುಡ್ಡ ಹತ್ತೂದದ, ಹೊಟ್ಟಿ ಗಟ್ಟಿ ಇರಲಿ ಅಂತ ಈಗ ರೊಟ್ಟಿಗಿ ಜರಾ ಜಾಸ್ತಿ ರಂಜಕ ಹಚ್ಕೊಂಡೆ."

ಯುವತಿ ಆಗಲೇ ನಮ್ಮ ಮುಂದೆ ಬಂದು ನಿಂತಿದ್ದಳು. ನಾನು ಎದ್ದು, ಇದು ನೆಗಡಿಯಲ್ಲ, ಮೆಣಸಿನಕಾಯಿ ಎಂದೆ. ಅವಳು ಹಣೆಯ ಹತ್ತಿರ ಯಂತ್ರ ಹಿಡಿದು ಜ್ವರ ನೋಡಿದಳು, ಜ್ವರ ಇರಲಿಲ್ಲ. ಆದರೂ ತಲೆ ಅಲ್ಲಾಡಿಸಿದಳು. ನಾನು ಡಬ್ಬಿ ತೆಗೆದು ತೋರಿಸಿದೆ, ದನಿ ಏರಿಸಿದೆ, ನಮ್ಮೂರು ಎಲ್ಲಿದೆ ಗೊತ್ತೇ ಎಂದು ಕೇಳಿದೆ. ಬ್ಯಾಂಕಿನ ಕೌಂಟರಿನಲ್ಲಿ ಗಿರಾಕಿಗಳು ನನ್ನೊಡನೆ ಹೇಗೆ ಜಗಳವಾಡುತ್ತಿದ್ದರೋ ಹಾಗೇ ಆಡಿದೆ. ಅವಳು ಮಾತ್ರ ಶಾಂತವಾಗಿ, ಅಗೋ ಆ ಬೆಂಚಿನ ಮೇಲೆ ಕೂರಲಿ, ನಾವು ಹೊರಡುವವರೆಗೆ ಮೂಗು ನಿಂತರೆ ಬರಲಿ, ಇಲ್ಲದಿದ್ದರೆ ಇಲ್ಲ ಎಂದಳು.

ಅಕ್ಕನಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ತಾನೇ ಎದ್ದು ಹೋಗಿ ಬೆಂಚಿನ ಮೇಲೆ ಕೂತಳು. "ಆ ಹುಡುಗಿ ಕೂಡ ಜಗಳಾಡಬ್ಯಾಡ. ಅಕಿ ತನ್ನ ಮಕ್ಕಳನ್ನ ಕಾಯ್ದಂಗ ಕಾಯಾಕತ್ಯಾಳ. ನಾ ಆದ್ರೂ ಹಿಂಗೇ ಮಾಡ್ತಿದ್ದೆ," ಎಂದಳು. ಅಷ್ಟು ಹೇಳುವುದರೊಳಗೆ ಇನ್ನೊಂದು ಹನಿ ಇಳಿಯಿತು. ಅವಳ ತುಟಿ ನಡುಗುತ್ತಿತ್ತು. ಸಮುದ್ರ ದಾಟಿ ಬಂದು, ಒಂದು ಬೊಟ್ಟು ಚಟ್ನಿಗೆ ಎಲ್ಲ ಹಾಳಾಗುವುದೆಂದರೆ.

ನಾನು ಅಲ್ಲಿದ್ದ ಚಹಾ ಅಂಗಡಿಗೆ ಓಡಿದೆ. ಸಕ್ಕರೆ ಕೇಳಿದರೆ ಅಂಗಡಿಯಾಕೆ ಅಕ್ಕನ ಕಡೆ ಒಮ್ಮೆ ನೋಡಿ, ಬೆರಳುದ್ದದ ಬಾಳೆಹಣ್ಣುಗಳ ಚಿಪ್ಪನ್ನೇ ಕೈಗಿಟ್ಟಳು. ಅಕ್ಕ ಒಂದೊಂದಾಗಿ ತಿಂದಳು. ಖಾರ ಇಳಿಯುತ್ತಾ ಬಂತು. ಮೂಗು ಎಳೆದುಕೊಂಡರೆ ಸದ್ದಾಗಿ ಸಿಕ್ಕಿಬೀಳುತ್ತೇನೆಂದು ತಲೆಯನ್ನು ಹಿಂದಕ್ಕೆ ವಾಲಿಸಿ, ಆಕಾಶ ನೋಡುತ್ತ, ಅಂಥ ಹೊತ್ತಿನಲ್ಲೂ ಸುಮ್ಮನಿರದೆ, "ಸಿಹಿ ಛಲೋ ಅದ. ಘಮ ನಮ್ಮದರಷ್ಟಿಲ್ಲ," ಎಂದಳು.

ಹೊರಡುವ ಹೊತ್ತಿಗೆ ಯುವತಿ ಬಂದು ಬಗ್ಗಿ ಅವಳ ಮುಖ ನೋಡಿದಳು. ಮೂಗು ಒಣಗಿತ್ತು. ಉಸಿರಾಡಿಸಿ ನೋಡಿದಳು, ಕೆಮ್ಮಿಲ್ಲ, ಸೀನಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಕೊನೆಗೆ ಒಂದು ಊರುಗೋಲು ತಂದು ಅಕ್ಕನ ಕೈಗೆ ಕೊಟ್ಟಳು. ನಾನು ಅಲ್ಲೇ ಕುಣಿದುಬಿಡುತ್ತಿದ್ದೆ, ವಯಸ್ಸು ಅಡ್ಡ ಬಂತು. ರಂಜಕದ ಡಬ್ಬಿಯನ್ನು ಅಂಗಡಿಯಾಕೆಗೆ ಉಡುಗೊರೆಯಾಗಿ ಕೊಟ್ಟೆವು. ಹುಷಾರಾಗಿ ತಿನ್ನು ಎಂದು ಸನ್ನೆಯಲ್ಲಿ ಹೇಳಿದ್ದು ಅವಳಿಗೆ ತಿಳಿಯಿತೋ ಇಲ್ಲವೋ.

ಕಾಡು ಎಂದರೆ ಅದು ಕಾಡು. ಬಯಲುಸೀಮೆಯ ನಮಗೆ ನಾಲ್ಕು ಬೇವಿನ ಮರ ಒಟ್ಟಿಗೆ ಕಂಡರೆ ತೋಪು ಎನಿಸುತ್ತದೆ. ಇಲ್ಲಿ ನೆಲವೇ ಕಾಣುತ್ತಿರಲಿಲ್ಲ. ಕಾಲಿಟ್ಟಲ್ಲಿ ಬಳ್ಳಿ, ಬಳ್ಳಿಯ ಕೆಳಗೆ ಕೊಳೆತ ಎಲೆ, ಅದರ ಕೆಳಗೆ ಕೆಸರು. ತಲೆಯ ಮೇಲೆ ಬಿಸಿಲು ಬೀಳದಷ್ಟು ಎಲೆ. ಮುಟ್ಟಿದರೆ ಉರಿಯುವ ಗಿಡಗಳು ಬೇರೆ. ದುಬಾರಿ ಜಾಕೆಟಿನವರು ಅಲ್ಲಲ್ಲಿ ನಿಂತು ಏದುಸಿರು ಬಿಟ್ಟರು, ನಾನಂತೂ ಎರಡು ಸಲ ಜಾರಿ ಕೂತೆ. ಅಕ್ಕ ಯುವತಿಯ ಬೆನ್ನ ಹಿಂದೆಯೇ ನಡೆಯುತ್ತಿದ್ದಳು. ನನಗೆ ಕಾಲು ನೋಯುತ್ತಿದ್ದರೂ ಖುಷಿಗೆ ನೋವು ಗೊತ್ತಾಗುತ್ತಿರಲಿಲ್ಲ. ಪ್ರತಿ ಪೊದೆಯ ಹಿಂದೆಯೂ ಏನೋ ಕರ್ರಗೆ ಕೂತಂತೆ ಕಾಣುತ್ತಿತ್ತು.

ಗೊರಿಲ್ಲಾಗಳ ಜಾಡು ಹಿಡಿದು ಮುಂದೆ ಹೋಗಿದ್ದ ಹುಡುಕಾಟದವರಿಂದ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಹತ್ತಿರದಲ್ಲೇ ಇವೆ. ಚೀಲ, ಕೋಲು ಎಲ್ಲ ಅಲ್ಲೇ ಇಟ್ಟು ಮಾಸ್ಕ್ ಕಟ್ಟಿಕೊಂಡೆವು. ಕೊನೆಯ ಮಾತು ಎಂದು ಯುವತಿ ಪಿಸುದನಿಯಲ್ಲಿ ಹೇಳಿದಳು: ಗುಂಪಿನ ಯಜಮಾನ ಗಂಡಿನ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ, ಅವನಿಗೆ ಅದು ಸವಾಲು ಹಾಕಿದಂತೆ. ಅವನು ಮುಂದೆ ಬಂದರೆ ಓಡಬೇಡಿ, ಕುಕ್ಕರುಗಾಲಲ್ಲಿ ಕೂತು ಕಣ್ಣು ಇಳಿಸಿ.

ಅಕ್ಕನಿಗೆ ಇದನ್ನು ಹೇಳಿದೆ. ಅವಳು ಮಾಸ್ಕಿನ ಮೇಲಿನಿಂದ ನನ್ನನ್ನೇ ನೋಡಿದಳು. "ಇಲ್ಲೂ ಮಾವನೋರೇ ಏನು?" ಎಂದಳು. ನಗುತ್ತಿದ್ದಳೋ ಇಲ್ಲವೋ ಮಾಸ್ಕಿನಿಂದಾಗಿ ತಿಳಿಯಲಿಲ್ಲ.

ಯುವತಿ ಪೊದೆಯ ಮುಂದೆ ನಿಂತು, ನಾವು ಬಂದಿದ್ದೇವೆ, ಹೆದರಬೇಡಿ ಎಂದು ಅವಕ್ಕೆ ತಿಳಿಸಲು ಗಂಟಲಿನಿಂದ ಒಂದು ಸದ್ದು ತೆಗೆದಳು. "ಹ್ಞೂಂ..."

ಪೊದೆಯೊಳಗಿನಿಂದ, ಅದಕ್ಕಿಂತ ಎಷ್ಟೋ ದಪ್ಪನೆಯ, ನೆಲದಿಂದಲೇ ಎದ್ದು ಬಂದಂಥ ಉತ್ತರ ಬಂತು. "ಹ್ಞೂಂ..."

ಪಕ್ಕಕ್ಕೆ ನೋಡಿದರೆ ಅಕ್ಕ ಸೆರಗನ್ನು ಭಾವನವರ ಅಂಗಿಯ ಕಾಲರಿನೊಳಗಿನಿಂದ ಎಳೆದು ತಲೆಯ ಮೇಲೆ ಹೊದ್ದು, ಹಣೆಯವರೆಗೆ ತಂದು, ಕಣ್ಣು ನೆಲಕ್ಕಿಳಿಸಿ ಪಕ್ಕಕ್ಕೆ ಸರಿದು ನಿಂತಿದ್ದಾಳೆ. ಯೋಚಿಸಿ ಮಾಡಿದ್ದಲ್ಲ. ಆ ಸದ್ದಿಗೆ ಅವಳ ಕೈ ತಾನೇ ಮೇಲೆ ಹೋಗಿತ್ತು.

ಎಲೆ ಸರಿಸಿ ಮುಂದೆ ಹೋದೆವು. ಅಲ್ಲಿ ಕೂತಿತ್ತು. ಟಿವಿಯಲ್ಲಿ ಎಷ್ಟು ನೋಡಿದರೂ ಆ ಗಾತ್ರ ತಿಳಿಯುವುದಿಲ್ಲ. ಕರಿ ಮೈ, ಬೆನ್ನಿಗೆ ಬೆಳ್ಳಿ ಬಳಿದಂಥ ಕೂದಲು, ತೊಡೆಯ ಮೇಲೆ ಕೈ. ಸುತ್ತ ಹೆಣ್ಣು ಗೊರಿಲ್ಲಾಗಳು, ಒಂದರ ಎದೆಗೆ ಮರಿ. ಎಲೆ ಹರಿಯುವ, ಜಗಿಯುವ ಸದ್ದು. ಒದ್ದೆ ಮಣ್ಣಿನ, ಬೆವರಿನ ವಾಸನೆ. ನನಗೆ ಅಳು ಬಂತು, ಅದೇ ಹೊತ್ತಿಗೆ ಜೋರಾಗಿ ನಗಬೇಕೆನಿಸಿತು. ಹೇಳಿದ ನಿಯಮವೆಲ್ಲ ಮರೆತು ನಾನು ಯಜಮಾನನ ಮುಖವನ್ನೇ ನೋಡುತ್ತ ನಿಂತುಬಿಟ್ಟೆ.

ಅದು ನನ್ನತ್ತ ನೋಡಿತು. ತುಟಿ ಬಿಗಿಯಿತು. ಎದ್ದದ್ದೇ ಪಕ್ಕದ ಎಳೆಮರವನ್ನು ಲಟಕ್ಕನೆ ಮುರಿದು, ನೆಲ ಗುದ್ದುತ್ತ ನಾಲ್ಕು ಹೆಜ್ಜೆ ನನ್ನ ಕಡೆಗೇ ಧಾವಿಸಿತು. ಯಾರೋ ಕೈ ಹಿಡಿದು ಜಗ್ಗಿದರು, ನಾನು ಕೆಸರಿನಲ್ಲಿ ಧೊಪ್ಪೆಂದು ಕೂತೆ. ಜಗ್ಗಿದ್ದು ಅಕ್ಕ. ಅವಳು ಆಗಲೇ ಕುಕ್ಕರುಗಾಲಲ್ಲಿ ಕೂತು, ಸೆರಗು ಹೊದ್ದು, ತಲೆ ತಗ್ಗಿಸಿದ್ದಳು. ಮಾವನವರ ಊಟದ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದಳಲ್ಲ, ಅದೇ ಭಂಗಿ. ಯಜಮಾನ ನಿಂತಿತು. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, ತಿರುಗಿ ಹೋಗಿ, ಏನೂ ಆಗಿಲ್ಲವೆಂಬಂತೆ ಕೂತು ಎಲೆ ತಿನ್ನತೊಡಗಿತು. ಯುವತಿ ಅಕ್ಕನ ಹೆಗಲು ಮೆಲ್ಲಗೆ ತಟ್ಟಿ, ನನ್ನ ಕಡೆ ಮಾತ್ರ ಕಣ್ಣು ದೊಡ್ಡದು ಮಾಡಿದಳು.

ಆಮೇಲೆ ಎಲ್ಲ ಶಾಂತವಾಯಿತು. ಒಂದು ಹೆಣ್ಣು ಅಂಗಾತ ಮಲಗಿ ಕಾಲಿನ ಬೆರಳು ಹಿಡಿದುಕೊಂಡಿತು. ಇನ್ನೊಂದು ಪಕ್ಕದಲ್ಲಿದ್ದುದರ ಬೆನ್ನ ಕೂದಲು ಬಿಡಿಸಿ ಹುಳ ಹುಡುಕಿತು. ಗುಂಪಿನವರು ಫೋಟೋ ತೆಗೆಯುತ್ತಿದ್ದರು. ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಆದರೆ ಅಕ್ಕ ತಲೆ ಎತ್ತಿರಲಿಲ್ಲ.

ನಾನು ಮೊಳಕೈಯಿಂದ ತಿವಿದೆ. ಅವಳು ಅಲ್ಲಾಡಲಿಲ್ಲ. ದಿಟ್ಟಿಸಬಾರದು ಎಂದರೆ ನೋಡಲೇಬಾರದು ಎಂದಲ್ಲ ಎಂದು ಹೇಳಬೇಕೆಂದರೆ ಮಾತಾಡುವಂತಿರಲಿಲ್ಲ. ಅದೂ ಅಲ್ಲದೆ, ನಾನು ನೋಡಿದ್ದಕ್ಕೆ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಸೆರಗಿನ ಅಂಚಿನ ಕೆಳಗಿನಿಂದ ಅವಳಿಗೆ ಏನು ಕಾಣುತ್ತಿತ್ತೆಂದು ನಾನೂ ತಲೆ ಬಗ್ಗಿಸಿ ನೋಡಿದೆ. ಯಜಮಾನನ ಕೈ, ಅದರ ಮುಂದೆ ಒಂದು ರಾಶಿ ಎಲೆ. ಅಷ್ಟೇ. ಮಾವನವರಲ್ಲಿ ಅವಳು ಕಂಡದ್ದೂ ಅಷ್ಟೇ, ಕೈ ಮತ್ತು ತಟ್ಟೆ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ತಾಸು ಮುಗಿಯುತ್ತ ಬಂತು. ಇನ್ನು ಸ್ವಲ್ಪವೇ ಹೊತ್ತು ಎಂದು ಯುವತಿ ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ತಾಯಿಯ ಎದೆಯಲ್ಲಿದ್ದ ಮರಿ ಕೆಳಗಿಳಿಯಿತು. ತಟ್ಟಾಡುತ್ತ ನಮ್ಮತ್ತ ಬಂತು. ಯುವತಿ ಹಿಂದೆ ಸರಿಯಿರಿ ಎಂದು ಕೈ ಆಡಿಸಿದಳು, ನಾವು ಕೂತಲ್ಲೇ ಹಿಂದೆ ಜರುಗಿದೆವು. ಮರಿ ನಿಂತುಕೊಂಡು, ಅಪ್ಪನಂತೆ ಎದೆ ಬಡಿದುಕೊಳ್ಳಲು ಹೋಗಿ, ಎರಡನೇ ಪೆಟ್ಟಿಗೇ ಆಯ ತಪ್ಪಿ ಹಿಂದಕ್ಕೆ ಉರುಳಿತು. ಕಾಲು ಮೇಲೆ, ತಲೆ ಕೆಳಗೆ, ಸರಿಯಾಗಿ ಅಕ್ಕನ ಕಣ್ಣ ಅಳತೆಗೆ.

ಅಕ್ಕನ ಭುಜ ಕುಲುಕಿದವು. ಸದ್ದಿಲ್ಲದೆ ನಗುತ್ತಿದ್ದಳು. ನಗುತ್ತ ನಗುತ್ತ ತಲೆ ಎತ್ತಿದಳು, ಸೆರಗು ಜಾರಿ ಹೆಗಲಿಗೆ ಬಿತ್ತು. ಮರಿಯನ್ನು ಎತ್ತಿಕೊಳ್ಳಲು ತಾಯಿ ಬಂದಿತು. ಅದರ ಹಿಂದೆ ಯಜಮಾನ ಜಗಿಯುವುದನ್ನು ನಿಲ್ಲಿಸಿ ಅಕ್ಕನನ್ನೇ ನೋಡುತ್ತಿತ್ತು.

ಅಕ್ಕನೂ ನೋಡಿದಳು. ಈಗ ಕಣ್ಣು ಇಳಿಸುತ್ತಾಳೆ ಎಂದುಕೊಂಡೆ, ಇಳಿಸಲಿಲ್ಲ. ತಲೆಯನ್ನು ತುಸು ಓರೆ ಮಾಡಿ, ಮನೆಗೆ ಬಂದ ಬೀಗರನ್ನು ಗುರುತು ಹಿಡಿಯುವವಳಂತೆ ನಿಧಾನವಾಗಿ ನೋಡಿದಳು. ಅದು ಎದ್ದು ಬರಲಿಲ್ಲ, ತುಟಿ ಬಿಗಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗದ್ದ ತುರಿಸಿಕೊಂಡು ಆ ಕಡೆಗೆ ಮುಖ ತಿರುಗಿಸಿತು. ಮೊದಲು ಕಣ್ಣು ತೆಗೆದದ್ದು ಯಜಮಾನನೇ.

ಕೆಳಗಿಳಿಯುವಾಗ ನಾನು ಯುವತಿಯನ್ನು ಕೇಳಿದೆ, ನನ್ನ ಮೇಲೆ ಏರಿ ಬಂದವನು ಅಕ್ಕನನ್ನು ಯಾಕೆ ಬಿಟ್ಟ ಎಂದು. ನೀವು ನಿಂತು ನೋಡಿದಿರಿ, ಅವರು ಕೂತು ನೋಡಿದರು ಎಂದಳು, ಒಂದು ತಾಸು ತಲೆ ಬಗ್ಗಿಸಿ ಕೂತಿದ್ದವರಿಂದ ಅಪಾಯವಿಲ್ಲವೆಂದು ಅವನಿಗೆ ಗೊತ್ತಾಗಿರಬೇಕು. ಅಕ್ಕ ಊರುಗೋಲು ಹೆಗಲ ಮೇಲಿಟ್ಟುಕೊಂಡು ಬಿರಬಿರನೆ ನಡೆಯುತ್ತಿದ್ದಳು. ಸಂಜೆಯವರೆಗೆ ಅವಳ ಮಾತು ನಿಲ್ಲಲಿಲ್ಲ.

"ಅದರ ಉಗುರು ನಮ್ಮಂಗೇ ಅವ ತಂಗಿ. ಒಂದು ಉಗುರು ಮುರದದ. ಕೈ ಅಂತೂ ಕಣ್ಣು ಮುಚ್ಚಿದ್ರೂ ಕಾಣಾಕತ್ತದ ನನಗ."

"ಮಾರಿ?"

"ಮಾರೀನೂ ನೋಡಿದೆ. ಕಣ್ಣು ಬೆಲ್ಲದ ಬಣ್ಣ ಅವ. ದೂರದಿಂದ ಕರಿ ಕಾಣ್ತಾವ, ಅಲ್ಲ. ನಮ್ಮ ಹಳೇ ಬೆಲ್ಲ ಇರ್ತದಲ್ಲ, ಹಂಗ."

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನಗಿಂತ ಅವಳು ಹೆಚ್ಚು ನೋಡಿಬಿಟ್ಟಳಲ್ಲ ಎಂದು ಹೊಟ್ಟೆಕಿಚ್ಚಾಯಿತು, ಹಾಗೇ ಹಾಲು ಕುಡಿದಷ್ಟು ಸಂತೋಷವೂ ಆಯಿತು.

ಕಮಲಾಪುರದ ಮನೆಗೆ ಬಂದಾಗ ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದರು, ಇಬ್ಬರೂ ಸೊರಗಿದ್ದರು. ಅಕ್ಕ ಬಂದವಳೇ ರೊಟ್ಟಿ ಬಡಿದು ಬಡಿಸಿ, ಉಣ್ಣುವವರ ಎದುರಿಗೇ ಕೂತು ಕತೆ ಶುರುಮಾಡಿದಳು. ಎದೆ ಬಡಿದು ತೋರಿಸಿದಳು, ನಾನು ಕೆಸರಿಗೆ ಬಿದ್ದದ್ದನ್ನು ಎರಡೆರಡು ಸಲ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಗೋಡೆಯ ಮೇಲಿನ ಮಾವನವರ ಫೋಟೋದ ಮೇಲೆ ನಿಂತಿತು. ಕಪ್ಪು ಬಿಳುಪಿನ ಫೋಟೋ.

"ಮಾವನೋರ ಕಣ್ಣು ಯಾವ ಬಣ್ಣ ಇದ್ವು?" ಎಂದು ಕೇಳಿದಳು.

ಭಾವನವರು ತುತ್ತು ಹಿಡಿದು ಯೋಚಿಸಿದರು. "ಕಣ್ಣಿಗ್ಯಾವ ಬಣ್ಣ, ಎಲ್ಲಾರ್ಗೆ ಇದ್ದಂಗ ಇದ್ವು," ಎಂದರು. ನನ್ನ ಗಂಡ ಅಣ್ಣನ ಮುಖ ನೋಡಿದ. ಅಕ್ಕ ನನ್ನ ಕಡೆ ತಿರುಗಿದಳು. "ನೀನರ ದಿನಾ ಎದುರು ಕೂತು ಮಾತಾಡಾಕಿ. ಹೇಳು."

ನಾನು ಹೇಳಲು ಬಾಯಿ ತೆರೆದೆ. ಎಷ್ಟೋ ಬೆಳಗು ಪತ್ರಿಕೆ ಹಿಡಿದು ಆ ಕಣ್ಣಲ್ಲಿ ಕಣ್ಣಿಟ್ಟು ವಾದ ಮಾಡಿದ್ದೆ. ಅವರು ಏನೇನು ಹೇಳುತ್ತಿದ್ದರೆಂದು ನೆನಪಿತ್ತು, ನಾನು ಯಾವ ಮಾತಿಗೆ ಗೆದ್ದೆ ಎಂಬುದೂ ನೆನಪಿತ್ತು. ಬಣ್ಣ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಅಕ್ಕ," ಎಂದೆ.

ಅಕ್ಕ ಭಾವನವರ ತಟ್ಟೆಯ ಹತ್ತಿರಕ್ಕೆ ಸರಿದು, "ಇತ್ತ ನೋಡ್ರಿ ಜರಾ," ಎಂದಳು. ಭಾವನವರು ಏನೋ ಎಂದು ತಲೆ ಎತ್ತಿದರು. ಬಾಗಿಲಿನ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಅಕ್ಕ ತಲೆಯನ್ನು ತುಸು ಓರೆ ಮಾಡಿ, ನಿಧಾನವಾಗಿ ಅವರ ಕಣ್ಣನ್ನೇ ನೋಡಿದಳು. ಭಾವನವರು ಒಂದೆರಡು ಗಳಿಗೆ ತಡೆದುಕೊಂಡರು, ಆಮೇಲೆ ನಾಚಿಕೊಂಡು ಗದ್ದ ತುರಿಸುತ್ತ ತಟ್ಟೆಯ ಕಡೆ ಮುಖ ತಿರುಗಿಸಿದರು.

"ಇವರವೂ ಬೆಲ್ಲದ ಬಣ್ಣನೇ ಅವ ತಂಗಿ," ಎಂದಳು ಅಕ್ಕ. "ಹಂಗಾದ್ರ ಮಾವನೋರವೂ ಹಂಗೇ ಇದ್ದಿರಬೇಕು."